ಅಣ್ಣನ ಗಲ್ಲದ ಎತ್ತರ

ನಾನು ಅಡುಗೆಗಿರುವ ಕುವೈತಿ ಮನೆಯ ಯಜಮಾನ, ತೀರಿಹೋದ ತನ್ನ ಅಣ್ಣನ ಬಂದೂಕಿಗೆ ಹೊಸ ಹಿಡಿ ತಂದ. ಹಳೆಯ ಮರದ ಹಿಡಿ ಸೀಳಿಹೋಗಿತ್ತು. ಗುರಿಯಿಡುವಾಗ ಗಲ್ಲ ಊರಲು ಹೊಸದರ ಮೇಲಿದ್ದ ದಿಂಬನ್ನು ಏರಿಸಿ ಇಳಿಸಬಹುದೆಂದೇ ಇದನ್ನು ಆರಿಸಿದ್ದ. ಆದರೂ ಪ್ರತಿ ಶುಕ್ರವಾರ ಬೇಟೆಗೆ ಹೋಗಿ, ಗುರಿ ತಪ್ಪಿ ಸಿಡುಕುತ್ತಾ ಬರುತ್ತಿದ್ದ.

ಒಂದು ಸಂಜೆ ಚಾಯ್ ಇಡುವಾಗ ನೋಡಿದೆ. ಹಳೆಯ ಹಿಡಿಯನ್ನು ಪಕ್ಕದಲ್ಲಿಟ್ಟು, ಅದೇ ಎತ್ತರಕ್ಕೆ ದಿಂಬು ಕೂರಿಸುತ್ತಿದ್ದ. ಅಣ್ಣನದು ಒಣಗಿದ ಗಲ್ಲ, ಇವನದು ಉಬ್ಬಿದ್ದು; ಇವನಿಗೆ ಅಷ್ಟು ಎತ್ತರ ಬೇಡ.

“ಬಾಬಾ, ಗುರಿಯಿಡೋದು ನೀನಾ, ಅವನಾ?” ಎಂದೆ, ಅರೆಬರೆ ಅರಬಿಯಲ್ಲಿ.

“ನಿಂಗೇನು ಗೊತ್ತು? ಯಲ್ಲಾ, ಹೋಗು,” ಎಂದ. ಆದರೂ ದಿಂಬನ್ನು ಇಳಿಸಿ, ಬಂದೂಕಿಟ್ಟ ಕೋಣೆಗೆ ಬೀಗ ಹಾಕಿ ಹೋಗಿ ಮಲಗಿದ.

ಬೆಳಿಗ್ಗೆ ಬೀಗ ತೆಗೆದವನು ನನ್ನನ್ನು ಕೂಗಿದ. ದಿಂಬು ಮತ್ತೆ ಮೇಲೇರಿತ್ತು.

“ನೀನು ಮುಟ್ಟಿದೆಯಾ?”

“ಕೀಲಿಕೈ ನಿನ್ನ ಹತ್ತಿರವೇ ಇತ್ತಲ್ಲ,” ಎಂದೆ.

ಅವನು ಮತ್ತೆ ಇಳಿಸಲಿಲ್ಲ.