ರೊಮುಲೊ ಡ್ರಾ ಒಪ್ಪದ ಶನಿವಾರ

ಹಾಲೆಂಡಿನ ಟಿಲ್‌ಬರ್ಗ್‌ನ ಚೆಸ್ ಕ್ಲಬ್ಬಿನಲ್ಲಿ ರೊಮುಲೊ ದಿಮಾಯುಗನ ಹೆಸರೆತ್ತಿದರೆ ಸಾಕು, ಮೊದಲು ಎಲ್ಲರ ಮುಖ ಅರಳುತ್ತಿತ್ತು, ಹಿಂದೆಯೇ ಒಂದು ‘ಛೆ’ ಹೊರಡುತ್ತಿತ್ತು. ಮುಖ ಅರಳುವುದು ಅವನ ಆಟಕ್ಕೆ, ಛೆ ಅವನ ಹಣೆಬರಹಕ್ಕೆ. ಫಿಲಿಪ್ಪೀನ್ಸಿನ ಬತಾಂಗಾಸ್‌ನಲ್ಲಿ ಕ್ಷೌರದಂಗಡಿಯ ಬೆಂಚಿನ ಮೇಲೆ ಆಟ ಕಲಿತವನು ಅವನು. ಅಲ್ಲಿ ಗೆದ್ದವನು ಕೂತೇ ಇರಬೇಕು, ಸೋತವನು ಎದ್ದು ಹೋಗಿ ಕೂದಲು ಕತ್ತರಿಸಿಕೊಳ್ಳಬೇಕು. ರೊಮುಲೊನ ಕೂದಲು ಹೆಗಲಿಗಿಳಿದು, ಅವರಮ್ಮ ಅಂಗಡಿಗೇ ಬಂದು ಜಗಳ ತೆಗೆದಿದ್ದಳಂತೆ! ಹದಿಹರೆಯದಲ್ಲೇ ದೇಶದ ಜೂನಿಯರ್ ಚಾಂಪಿಯನ್ ಆದ, ಚೆಸ್ ಒಲಿಂಪಿಯಾಡ್‌ಗೂ ಹೋಗಿ ಬಂದ. ಆಮೇಲೆ ನರ್ಸ್ ಹೆಂಡತಿ ಲೀಸೆಲ್ ಜೊತೆ ಹಾಲೆಂಡಿಗೆ ಬಂದು ನೆಲೆಸಿದ. ವಾರವಿಡೀ ಗೋದಾಮಿನಲ್ಲಿ ಶಿಫ್ಟ್ ನೋಡಿಕೊಳ್ಳುವುದು, ಶನಿವಾರ ಚೆಸ್.

ಗ್ರ್ಯಾಂಡ್‌ಮಾಸ್ಟರ್ ಆಗಬೇಕಾದರೆ ಬಲವಾದ ಆಟಗಾರರ ನಡುವೆ ಮೂರು ಸಲ ಮಿಂಚಿ ತೋರಿಸಬೇಕು. ಅಂಥ ಒಂದೊಂದು ಸಾಧನೆಗೂ ನಾರ್ಮ್ ಎನ್ನುತ್ತಾರೆ. ಬೇಕಾದ ರೇಟಿಂಗ್ ಮುಟ್ಟಿ, ಎರಡು ನಾರ್ಮ್ ಗಳಿಸುವ ಹೊತ್ತಿಗೆ ರೊಮುಲೊಗೆ ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಮೂರನೆಯದು ಮಾತ್ರ, ಅಬ್ಬಬ್ಬಾ, ಇಪ್ಪತ್ತು ವರ್ಷ ಅವನನ್ನು ಕುಣಿಸಿತು. ಮನಿಲಾದಲ್ಲಿ ಕೊನೆಯ ಆಟ ಡ್ರಾ ಆಗಿದ್ದರೆ ಸಾಕಿತ್ತು, ಸೋತ. ದುಬೈಯಲ್ಲೂ ಡ್ರಾ ಸಾಕಿತ್ತು, ಅಲ್ಲೂ ಸೋತ. ಈಗ ತಲೆ ಅರ್ಧ ನೆರೆತಿದೆ.

“ಡ್ರಾ ಸಾಕು ಅಂತ ಕೂತ ದಿನ ಕೈ ನಡುಗತ್ತೆ, ಕ್ಯಾಪ್ಟನ್. ಗೆಲ್ಲಬೇಕು ಅಂತ ಕೂತ್ರೆ ಏನೂ ಆಗಲ್ಲ,” ಎನ್ನುತ್ತಿದ್ದ.

ಕ್ಯಾಪ್ಟನ್ ಅಂದರೆ ನಮ್ಮ ಮೈಸೂರಿನ ನಾಗಮಣಿ. ಅವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. ನಾನಿಲ್ಲಿ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದೇನೆ. ನಾಗಮಣಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು, ಐವತ್ತು ದಾಟಿದೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಚೆಸ್ ಆಡಲು ಕೂತರೆ ಕ್ಲಬ್ಬಿನ ಪುಟಾಣಿಗಳೂ ಅವಳನ್ನು ಮುಗಿಸಿ ಐಸ್‌ಕ್ರೀಮ್ ತಿನ್ನಲು ಓಡುತ್ತವೆ. ಆದರೆ ಮರೆಗುಳಿ ಆಟಗಾರರನ್ನೆಲ್ಲ ಗದರಿಸಿ ಒಂದೇ ರೈಲಿಗೆ ಹತ್ತಿಸುವುದು, ಸೋತವನ ಮುಂದೆ ಪುಳಿಯೋಗರೆ ಡಬ್ಬಿ ತೆರೆದಿಡುವುದು ಬೇರೆ ಯಾರಿಂದ ಸಾಧ್ಯ? ಆ ಉದ್ದುದ್ದ ಡಚ್ಚರು ಅವಳ ಮುಂದೆ ಬಾಲ ಮುದುರಿಕೊಂಡು ನಿಲ್ಲುತ್ತಿದ್ದರು.

ಟೀಮ್ ಪಂದ್ಯಗಳಲ್ಲಿ ಒಂದು ಪದ್ಧತಿಯಿದೆ. ಎದುರಾಳಿ ಡ್ರಾ ಮಾಡಿಕೊಳ್ಳೋಣವೇ ಎಂದರೆ, ಆಟಗಾರ ತನ್ನ ಕ್ಯಾಪ್ಟನ್‌ನನ್ನು ಕೇಳಬಹುದು. ಬೋರ್ಡಿನ ಮೇಲೆ ಏನಾಗುತ್ತಿದೆ ಎಂದು ಕ್ಯಾಪ್ಟನ್ ಉಸಿರೆತ್ತುವ ಹಾಗಿಲ್ಲ. ಟೀಮಿನ ಪಾಯಿಂಟ್ ನೋಡಿ ಹೂಂ ಅಥವಾ ಊಹೂಂ ಅನ್ನಬೇಕು, ಅಷ್ಟೇ. ಕೊನೆಯ ತೀರ್ಮಾನ ಆಟಗಾರನದು. ನಾಗಮಣಿ ಯಾವತ್ತೂ ಒಂದೇ ಪದದಲ್ಲಿ ಮುಗಿಸುತ್ತಿದ್ದಳು. “ತಗೋ” ಅಥವಾ “ಆಡು”.

ಆ ವರ್ಷ ರೊಮುಲೊಗೆ ಅದೇನು ಹಿಡಿದಿತ್ತೋ, ಲೀಗಿನಲ್ಲಿ ಎದುರಿಗೆ ಬಂದವರನ್ನೆಲ್ಲ ಉರುಳಿಸಿದ. ಕೊನೆಯ ಸುತ್ತು ನೈಮೆಗನ್‌ನ ಒಂದು ಕ್ರೀಡಾಭವನದಲ್ಲಿ. ಅಲ್ಲಿ ಅರ್ಧ ಪಾಯಿಂಟ್, ಅಂದರೆ ಒಂದು ಡ್ರಾ ಸಿಕ್ಕರೆ ಮೂರನೆಯ ನಾರ್ಮ್! ಮತ್ತೆ ಅದೇ ಡ್ರಾ!

ಸಂಜೆಯ ಹೊತ್ತಿಗೆ ಉಳಿದವರ ಆಟಗಳೆಲ್ಲ ಮುಗಿದವು. ನೈಮೆಗನ್‌ನಲ್ಲೇ ಸಂಶೋಧನೆ ಮಾಡುತ್ತಿದ್ದ ಟೀಮಿನ ಇನ್ನೊಬ್ಬ ಕನ್ನಡಿಗ ಆಕರ್ಷ್, ಗೆಲ್ಲಬೇಕಿದ್ದ ಆಟವನ್ನು ಕೈಯಾರೆ ಕೆಡಿಸಿಕೊಂಡು ಬಾಡಿದ ಮುಖದಲ್ಲಿ ಬಂದ.

“ಆಂಟಿ, ಸ್ಕೋರ್ ನೋಡಿದ್ರಾ? ಒಂದು ಪಾಯಿಂಟ್ ಹಿಂದೆ ಇದೀವಿ. ರೊಮುಲೊ ಗೆದ್ರೆ ಮ್ಯಾಚ್ ಟೈ, ಬಚಾವ್. ಡ್ರಾ ಮಾಡಿದ್ರೆ ನಾವು ಸೀದಾ ಕೆಳಗಿನ ಡಿವಿಷನ್‌ಗೆ. ಎಲ್ಲಾ ನನ್ನಿಂದಾನೇ!”

“ಬಾಯ್ಮುಚ್ಚು. ಅಳೋದಿದ್ರೆ ಆಚೆ ಹೋಗಿ ಅಳು,” ಎಂದಳು ನಾಗಮಣಿ.

ಅಷ್ಟರಲ್ಲಿ, ರೊಮುಲೊನ ಎದುರಿಗಿದ್ದ ಕೆಂಚುಗೂದಲಿನ ತರುಣ ಕುದುರೆಯನ್ನು ನಡೆಸಿ, “ರೆಮೀಸ್?” ಎಂದ. ಡಚ್ಚರು ಡ್ರಾಗೆ ಹೇಳುವುದು ಹಾಗೆ. ಇಪ್ಪತ್ತು ವರ್ಷ ಬೆನ್ನಟ್ಟಿದ್ದು ತಾನಾಗಿಯೇ ಬಂದು ಮೇಜಿನ ಮೇಲೆ ಕೂತಿದೆ, ಕೈ ಕುಲುಕಿದರೆ ಮುಗಿಯಿತು! ಬೇರೆ ಮೇಜುಗಳತ್ತ ಒಮ್ಮೆಯೂ ಕಣ್ಣು ಹಾಯಿಸದ ರೊಮುಲೊ ಎದ್ದು ನಾಗಮಣಿಯ ಬಳಿ ಬಂದ.

“ಕ್ಯಾಪ್ಟನ್, ಡ್ರಾ ಕೇಳ್ತಿದಾನೆ. ಟೀಮ್‌ಗೆ ಆಗತ್ತಾ?”

ನಾಗಮಣಿ ಹಿಂದೆ ತಿರುಗಿ ತನ್ನವರನ್ನು ನೋಡಿದಳು. ಆಕರ್ಷ್ ಕಣ್ಣಲ್ಲಿ ನೀರು ತುಂಬಿಕೊಂಡೇ ಜೋರಾಗಿ ತಲೆಯಾಡಿಸುತ್ತಿದ್ದ. ಡಚ್ಚರೂ ಹಾಗೇ, ಒಪ್ಪಿಕೊಳ್ಳಲಿ, ಒಪ್ಪಿಕೊಳ್ಳಲಿ ಎಂದು. ಡಿವಿಷನ್ ಹಾಳಾಗಿ ಹೋಗಲಿ! ಅವಳಿಗೆ ಒಮ್ಮೆಲೇ ಅವರೆಲ್ಲರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

“ತಗೋ,” ಎಂದಳು. ಅಲ್ಲಿಗೇ ನಿಲ್ಲಿಸಬೇಕಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ನಿಲ್ಲಿಸಲಾಗಲಿಲ್ಲ. “ಟೀಮ್‌ಗೆ ಧಾರಾಳ ಆಗತ್ತೆ. ಏನೂ ಯೋಚನೆ ಮಾಡ್ಬೇಡ, ಆರಾಮಾಗಿ ತಗೋ, ಮನೆಗೆ ಹೋಗೋಣ.”

ಯಾವತ್ತೂ ಒಂದೇ ಪದ ಹೇಳುವ ಕ್ಯಾಪ್ಟನ್ ಇವತ್ತು ಇಷ್ಟುದ್ದ ಮಾತಾಡಿದಳಲ್ಲ! ರೊಮುಲೊ ಅವಳನ್ನೇ ನೋಡಿದ, ಒದ್ದೆ ಕಣ್ಣಿನ ಆಕರ್ಷ್‌ನನ್ನು ನೋಡಿದ, ಟೀಮಿನ ಗತಿ ಅರ್ಥವಾಗಿ ನಕ್ಕ. ಹೋಗಿ ಕೂತು, ತರುಣನಿಗೆ “ಥ್ಯಾಂಕ್ಸ್, ಆಡೋಣ” ಎಂದು ಆನೆಯನ್ನು ಮುಂದಕ್ಕೆ ತಳ್ಳಿದ.

“ಅಯ್ಯೋ ಪಾಪಿ!” ನಾಗಮಣಿ ಕನ್ನಡದಲ್ಲೇ ಕಿರುಚಿದಳು. ತೀರ್ಪುಗಾರ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಓಡಿಬಂದ.

ಆಮೇಲಿನದನ್ನು ಏನು ಹೇಳಲಿ! ರೊಮುಲೊ ಆ ಆನೆಯನ್ನೇ ಬಲಿಕೊಟ್ಟ. ಬಲಿಕೊಟ್ಟು ಪ್ಯಾದೆಗಳನ್ನು ಸಾಲಾಗಿ ನುಗ್ಗಿಸಿದ. ಗೆದ್ದ, ಗೆದ್ದೇಬಿಟ್ಟ ಎಂದು ಆಕರ್ಷ್ ನಾಗಮಣಿಯ ತೋಳು ಹಿಂಡಿದ. ಮರುನಡೆಗೆ ತರುಣನ ಕುದುರೆ ಎಲ್ಲಿಂದಲೋ ಹಾರಿ ಬಂದು ಎಲ್ಲಕ್ಕಿಂತ ಮುಂದಿದ್ದ ಪ್ಯಾದೆಯನ್ನೇ ಕಬಳಿಸಿತು. “ಸೋತ್ವಿ, ಆಂಟಿ,” ಎಂದು ಅದೇ ಆಕರ್ಷ್ ಕುಸಿದು ಕೂತ. ಗಡಿಯಾರದಲ್ಲಿ ಇಬ್ಬರಿಗೂ ಸೆಕೆಂಡುಗಳಷ್ಟೇ ಉಳಿದಿದ್ದವು. ಕೈಗಳು ಪಟಪಟನೆ ಓಡಿದವು, ಕಾಯಿಗಳು ಉರುಳಿದವು, ಇಬ್ಬರ ಪ್ಯಾದೆಯೂ ಕೊನೆಯ ಮನೆ ಮುಟ್ಟಿ ಹೊಸ ರಾಣಿಯಾಗಿ, ಇಬ್ಬರ ರಾಣಿಯೂ ಹೋದಳು. ನಾಗಮಣಿ ಚಾಮುಂಡಿಯಿಂದ ಹಿಡಿದು ನೆನಪಿಗೆ ಬಂದ ದೇವರನ್ನೆಲ್ಲ ಕರೆದಳು. ಗೆಲುವು ಬೇಡ ತಾಯೀ, ಅವನು ಸೋಲದಿದ್ದರೆ ಸಾಕು, ಸೋಲದಿದ್ದರೆ ಸಾಕು.

ಕೊನೆಗೆ ತರುಣನ ಕಡೆಯ ಪ್ಯಾದೆಯನ್ನು ರೊಮುಲೊನ ರಾಜ ಹೊಡೆದ. ಅಷ್ಟು ದೊಡ್ಡ ಬೋರ್ಡಿನ ಮೇಲೆ ಇಬ್ಬರು ರಾಜರನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನು ಯಾರೂ ಗೆಲ್ಲುವ ಮಾತಿಲ್ಲ. ಡ್ರಾ!

ರೊಮುಲೊ ಕೈ ಕುಲುಕಿ ಎದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ತಲೆ ತಗ್ಗಿಸಿಕೊಂಡು ನೇರ ನಾಗಮಣಿಯ ಮುಂದೆ ಬಂದು ನಿಂತ.

“ಸಾರಿ, ಕ್ಯಾಪ್ಟನ್. ಗೆಲ್ಲೋಕೆ ಆಗಲಿಲ್ಲ. ಎಲ್ಲರನ್ನೂ ಕೆಳಗಿಳಿಸಿಬಿಟ್ಟೆ.”

ನಾಗಮಣಿ ಬಾಯಿಬಿಟ್ಟುಕೊಂಡು ನಿಂತಳು. ಇವನಿಗೆ ಗೊತ್ತೇ ಆಗಿಲ್ಲ! ಟೀಮನ್ನು ಉಳಿಸುವ ಆತುರದಲ್ಲಿ ಈ ಮನುಷ್ಯ ತನ್ನ ನಾರ್ಮನ್ನೇ ಮರೆತು ಕೂತಿದ್ದಾನೆ.

“ಏ ಪೆದ್ದು ಮುಂಡೇದೇ, ಡ್ರಾ ಆಯ್ತು ಕಣೋ!” ಅವನ ಭುಜ ಹಿಡಿದು ಅಲುಗಿಸಿದಳು. “ಡ್ರಾ! ಗ್ರ್ಯಾಂಡ್‌ಮಾಸ್ಟರ್!”

“ಯಾರು?” ಎಂದ ರೊಮುಲೊ.

ನಾಗಮಣಿ ಅವನ ಎದೆಗೆ ಬೆರಳಿಟ್ಟು ತೋರಿಸಿದಳು.