ಕಪಾಟಿನ ಹಿಂದಿನ ಕುರಿ

ಅಪ್ಪ ಹನ್ನೊಂದಕ್ಕೆ ನಿಂತರು. ಕೆಮ್ಮಿದರು. ಕೆಮ್ಮು ಮುಗಿಯುವಷ್ಟರಲ್ಲಿ ಎಣಿಸಿದ ಕುರಿಗಳು ಎಣಿಸದ ಕುರಿಗಳೊಳಗೆ ಸೇರಿಹೋಗಿದ್ದವು. ಮತ್ತೆ ಒಂದರಿಂದ ಶುರು ಮಾಡಿದರು. ಈ ಸಲ ಒಂಬತ್ತಕ್ಕೇ ನಿಂತರು.

ಶ್ರಾವಣದ ಸಂಜೆ. ಮೂವತ್ತೆರಡು ಕುರಿಗಳನ್ನು ದೊಡ್ಡಿಗೆ ಹೊಡೆಯುವಷ್ಟರಲ್ಲಿ ಕತ್ತಲಾಯಿತು. ನಾನು ಅಂಗಳದಲ್ಲಿ ಉತ್ತರಪತ್ರಿಕೆ ಹಿಡಿದು ಕೂತಿದ್ದೆ. ಮಹಾರಾಷ್ಟ್ರದ ಗಡಿಯ ಉಮರ್ಗಾದ ಜೂನಿಯರ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ, ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮನೆಯಲ್ಲಿ ಅಪ್ಪ, ಅವ್ವ, ನಾನು. ಮನೆಯ ಸುದ್ದಿಯನ್ನು ಸ್ಟಾಫ್ ರೂಮಿಗೆ ಒಯ್ಯುವವಳಲ್ಲ. ಅಪ್ಪನ ಎದೆಯಿಂದ ಸೀಟಿಯಂಥ ಸದ್ದು ಬರತೊಡಗಿದಾಗಲೂ ರಜೆ ಅರ್ಜಿಯಲ್ಲಿ "ಸ್ವಂತ ಕೆಲಸ" ಎಂದಷ್ಟೇ ಬರೆದು, ಅಪ್ಪ, ಅವ್ವ ಇಬ್ಬರನ್ನೂ ನಿಲಂಗಾ ಮೇಲೆ ಹೋಗುವ ಬಸ್ಸಿನಲ್ಲಿ ಉದಗೀರಿನ ಆಸ್ಪತ್ರೆಗೆ ಕರೆದೊಯ್ದೆ.

ಎಕ್ಸ್‌ರೇ ಆಯಿತು. ಆಮೇಲೆ ಸ್ಪೈರೋಮೆಟ್ರಿ. ನಳಿಕೆಯೊಳಗೆ ಜೋರಾಗಿ ಊದಬೇಕು. "ಫುಂಕಾ ಬಾಬಾ, ಜೋರಾತ್ ಫುಂಕಾ!" ಎಂದು ಟೆಕ್ನಿಷಿಯನ್ ಮರಾಠಿಯಲ್ಲಿ ಕೂಗುತ್ತಿದ್ದ. ಅಪ್ಪ ಊದಿದರು, ಕೆಂಪಾದರು, ನಳಿಕೆ ಕೆಳಗಿಟ್ಟು ಕೇಳಿದರು: "ಪಾಸ್ ಆದ್ನೇನ್ರಿ?"

ಆಗಿರಲಿಲ್ಲ.

ಡಾಕ್ಟರಿಗೆ ಕನ್ನಡ ಬರುತ್ತಿತ್ತು. "ಮನ್ಯಾಗ ಸಾಕಿದ ಪ್ರಾಣಿ ಅದಾವೇನು?"

"ಅದಾವ್ರಿ. ಮೂವತ್ತೆರಡು."

ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದು ಬೆಕ್ಕನ್ನು ನಿರೀಕ್ಷಿಸಿದ್ದರೇನೋ.

"ಗ್ವಾಡಿ ಹಸಿ ಅದಾವೇನು? ಬೂಸ್ಟು?"

ಅವ್ವನಿಗೆ ಅವಮಾನವಾಯಿತು. "ಹಸಿ? ಸ್ಲ್ಯಾಬಿನ ಮನಿ ಅದರಿ ನಮ್ದು. ಹ್ವಾದ ವರ್ಷ ಗುಲಾಬಿ ಆಯಿಲ್ ಪೇಂಟ್ ಹೊಡಸೀವಿ."

ಆಯಿಲ್ ಪೇಂಟಿನ ಮುಂದೆ ಡಾಕ್ಟರು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟರು. ಆಸ್ತಮಾ ಎಂದರು. ಅಲರ್ಜಿ ಇರಬಹುದು, ಬಹುಶಃ ಉಣ್ಣೆಯದು. ಇನ್ಹೇಲರ್ ಬಿಡಬಾರದು. ಕುರಿ, ಕಂಬಳಿಯಿಂದ ಸದ್ಯಕ್ಕೆ ದೂರ ಇರಬೇಕು.



ಬಸ್ಸು ನಿಲಂಗಾ ದಾಟಿದ ಮೇಲೆ ಅಪ್ಪ ಕಿಟಕಿಗೆ ಹೇಳುವವರಂತೆ ಹೇಳಿದರು: "ಕುರಿ ಬಿಟ್ರ ನಾ ಏನ್ ಮಾಡ್ಲಿ? ಟೀವಿ ನೋಡ್ಲೇನು?"

ಕುರಿಗಳು ಹತ್ತಿರದ ದಾಳಿಂಬ ಊರಿನ ಮಾವನ ಮನೆಗೆ ಹೋದವು. ಮಾವ ಅವ್ವನ ಅಣ್ಣ, ಮಾತು ನೇರ. "ಬರೋ ಅಮಾಸಿ ತನಕಾ ನೋಡ್ಕೋತೀನಿ. ಆಮ್ಯಾಗ ವ್ಯಾಪಾರಿಗೆ ಹೇಳ್ತೀನಿ. ನನಗೂ ಮೊಣಕಾಲು ಅದಾವ." ನಮ್ಮ ಮನೆತನದಲ್ಲಿ ದೊಡ್ಡಿ ಎಂದೂ ಖಾಲಿ ಇದ್ದದ್ದಿಲ್ಲ. ಅಪ್ಪ ಮಾತ್ರ ಮೊದಲಿನಂತೆಯೇ ನಸುಕಿನಲ್ಲಿ ಎದ್ದು, ಖಾಲಿ ದೊಡ್ಡಿಯ ಬಾಗಿಲು ತೆರೆದು, ಸ್ವಲ್ಪ ಹೊತ್ತು ನಿಂತು, ಮತ್ತೆ ಹಾಕಿ ಬರುತ್ತಿದ್ದರು. ಕಾಯಿಲೆ ಎದೆಯಲ್ಲಿತ್ತು, ಆದರೆ ಕೆಲಸವಿಲ್ಲದೆ ಹೋದದ್ದು ಅವರ ಕೈಗಳಿಗೆ.

ಕಂಬಳಿಗಳನ್ನೆಲ್ಲ ಪಕ್ಕದ ಮನೆಯ ಅಟ್ಟಕ್ಕೆ ಸಾಗಿಸಿದೆವು. ಮನೆದೇವರು ಬೀರಪ್ಪನ ಪೂಜೆಗೆ ಹಾಸುವ ಕಂಬಳಿಯೂ ಹೋಯಿತು. ಆ ಜಾಗದಲ್ಲಿ ಅವ್ವ ಗುಲಾಬಿ ಹೂವಿನ ಬೆಡ್‌ಶೀಟ್ ಹಾಸಿದಳು. ಅಪ್ಪ ಅದನ್ನು ನೋಡಿದರು, ದೇವರನ್ನು ನೋಡಿದರು.

"ಬೀರಪ್ಪಗೂ ಅಲರ್ಜಿ ಬಂತೇನು?"

ಅವ್ವನ ಶುಶ್ರೂಷೆ ಆರಂಭವಾಯಿತು. ತಂಡಿ ಗಾಳಿ ಹತ್ತಬಾರದೆಂದು ಕಿಟಕಿಗಳನ್ನು ಮುಚ್ಚಿ, ಸಂದುಗಳಿಗೆ ಹಳೆ ಸೀರೆ ತುರುಕಿದಳು. ಮಳೆಗೆ ಒಣಗದ ಬಟ್ಟೆಗಳನ್ನು ಒಳಗೇ ಹಗ್ಗ ಕಟ್ಟಿ ಹರವಿದಳು. ದಿನಕ್ಕೆರಡು ಸಲ ಕುದಿಯುವ ನೀರಿನ ಪಾತ್ರೆ ತಂದು ಅಪ್ಪನ ಮೂಗಿನ ಕೆಳಗಿಟ್ಟಳು. ನನ್ನದು ಇನ್ಹೇಲರಿನ ಕೆಲಸ. ಅಪ್ಪ ಒಳಗೆ ಎಳೆಯಬೇಕಾದಾಗ ಹೊರಗೆ ಊದುತ್ತಿದ್ದರು.

"ಒಳಗ ಸೇದು, ಅಪ್ಪಾ."

"ನಿಮ್ಮವ್ವ ಸೇದೋದು ಬಿಡಿಸಿದ್ಲು. ನೀ ಸೇದಂತಿ. ಇಬ್ರೂ ಕೂಡಿ ಒಂದು ಮಾತು ಹೇಳ್ರಿ."

ದಿನವಿಡೀ ಅಪ್ಪ ಒಳಕೋಣೆಯ ಮಂಚದ ಮೇಲೆ ಇರುತ್ತಿದ್ದರು. ತಲೆಯ ಬದಿಗೆ ಗೋಡೆಗೆ ಒತ್ತಿ ನಿಂತ ಕಬ್ಬಿಣದ ಕಪಾಟು. ನನ್ನ ಮದುವೆಗೆಂದು ಅವ್ವ ಮುಂಚಿತವಾಗಿ ಕೊಂಡದ್ದು. ವರ ಇನ್ನೂ ಬಂದಿಲ್ಲ, ಕಪಾಟು ಬಂದು ವರ್ಷಗಳಾದವು.

ಕೆಮ್ಮು ಹೆಚ್ಚಾಯಿತು.

ಕುರಿಯಿಲ್ಲ, ಕಂಬಳಿಯಿಲ್ಲ, ಗಾಳಿಯೂ ಇಲ್ಲ. ಆದರೂ ಹೆಚ್ಚಾಯಿತು. ಒಂದು ಸಂಜೆ ಕಾಲೇಜಿನಿಂದ ಬಂದು ಒಳಕೋಣೆಯ ಬಾಗಿಲು ತೆರೆದೆ. ಒದ್ದೆ ಕಂಬಳಿಯ ವಾಸನೆ ಮುಖಕ್ಕೆ ಬಂತು.

ಮನೆಯಲ್ಲಿ ಕಂಬಳಿಯೇ ಇರಲಿಲ್ಲ.

ಅವ್ವನನ್ನು ಕರೆದೆ. ಆಕೆ ಮೂಸಿ ನೋಡಿ ನೇರ ಅಪ್ಪನ ಮೇಲೆ ಹೋದಳು. "ಎಲ್ಲಿ ಮುಚ್ಚಿಟ್ಟೀದಿ ಹೇಳು."

"ಏನು?"

"ಕಂಬಳಿ! ನನಗ ಮೂಗು ಅದ."

"ಬಾಯಿ ಅದ ಅಂತ ಗೊತ್ತಿತ್ತು. ಮೂಗಿಂದು ಇವತ್ತ ಗೊತ್ತಾತು."

ತಪಾಸಣೆ ನಡೆಯಿತು. ಹಾಸಿಗೆ ಎತ್ತಿದೆವು. ಟ್ರಂಕು ತೆಗೆದೆವು. ಜೋಳದ ಡ್ರಮ್ಮಿನೊಳಗೂ ಅವ್ವ ಕೈ ಹಾಕಿದಳು. ಅಪ್ಪ ಮಂಚದ ಮೇಲೆ ಆರೋಪಿಯಂತೆ ಕೂತಿದ್ದರು. ಕೊನೆಕೊನೆಗೆ ಅವರಿಗೇ ತಮ್ಮ ಮೇಲೆ ಅನುಮಾನ ಬಂದಂತಿತ್ತು. ಉಳಿದದ್ದು ಕಪಾಟಿನ ಹಿಂಬದಿ. ಅವ್ವ, ನಾನು ಎರಡು ಕಡೆ ಹಿಡಿದು ಎಳೆದೆವು. ಬ್ಯಾಂಡೇಜು ಕಿತ್ತ ಸದ್ದಿನೊಂದಿಗೆ ಅದು ಬಿಟ್ಟುಕೊಂಡಿತು.

ಗೋಡೆಗೆ ಮೈತುಂಬ ಕೂದಲು ಬಂದಿತ್ತು.

ಕರಿ, ಬೂದಿ, ಅಲ್ಲಲ್ಲಿ ಬಿಳಿ. ನೆಲದಿಂದ ನನ್ನ ಭುಜದವರೆಗೆ. ಗುಲಾಬಿ ಪೇಂಟು ಹಪ್ಪಳದಂತೆ ಉಬ್ಬಿತ್ತು, ಬೆರಳಿನಿಂದ ಒತ್ತಿದರೆ ನೀರು ಬಂತು. ಅಪ್ಪ ಟವಲಿನಿಂದ ಮೂಗು ಮುಚ್ಚಿಕೊಂಡು ಬಂದು, ಕುರಿ ಕೊಳ್ಳುವವರಂತೆ ಮೇಲಿಂದ ಕೆಳಗೆ ನೋಡಿದರು.

"ನನ್ನ ಕುರಿ ದಾಳಿಂಬದಾಗ ಅದಾವ. ಇದು ನಿಮ್ದು. ಚಲೋ ಮೇಸೀರಿ."

ಅವ್ವ ಡ್ರಮ್ಮಿನ ಮೇಲೆ ಕೂತುಬಿಟ್ಟಳು. ಮೊದಲು ನಕ್ಕವಳು ಯಾರೆಂದು ನೆನಪಿಲ್ಲ. ನಾನೇ ಇರಬೇಕು.

ತಲೆತಲಾಂತರದಿಂದ ಮಳೆಗಾಲದಲ್ಲಿ ಒದ್ದೆ ಉಣ್ಣೆಯ ವಾಸನೆಯೊಳಗೇ ಬದುಕಿದವರಿಗೆ ಬೂಸ್ಟಿನ ವಾಸನೆ ಬೇರೆ ಎಂದು ಅನ್ನಿಸಿರಲೇ ಇಲ್ಲ. ಕಂಬಳಿಗಳು ಹೋಗದಿದ್ದರೆ ಅದು ಗೊತ್ತಾಗುತ್ತಲೂ ಇರಲಿಲ್ಲ. ಹೊರಗೆ ಹೋಗಿ ನೋಡಿದರೆ ಮಾಳಿಗೆಯ ಪೈಪು ಮೊಣಕೈಯಂತೆ ಬಾಗುವಲ್ಲಿ ಒಡೆದು, ಮಳೆನೀರೆಲ್ಲ ಆ ಗೋಡೆಯ ಮೇಲೆಯೇ ಇಳಿಯುತ್ತಿತ್ತು. ಒಳಗಿನ ಆಯಿಲ್ ಪೇಂಟು ಆ ನೀರನ್ನು ಆರಲು ಬಿಡಲಿಲ್ಲ. ಮುಚ್ಚಿದ ಕಿಟಕಿ, ಒದ್ದೆ ಬಟ್ಟೆ, ಹಬೆಯ ಪಾತ್ರೆ ಉಳಿದದ್ದನ್ನು ಮಾಡಿದವು. ಅಪ್ಪನನ್ನು ಕುರಿಗಳಿಂದ ಬಿಡಿಸಿ, ನಾವೇ ಈ ಬೂಸ್ಟಿನ ಪಕ್ಕ ಮಲಗಿಸಿದ್ದೆವು.

ಫೋನಿನಲ್ಲಿ ಡಾಕ್ಟರು ಹೇಳಿದ್ದು: "ನಾ ಕೇಳಿದ್ನಲ್ಲ, ತಾಯಿ?" ಸ್ಪೀಕರಿನಲ್ಲಿತ್ತು. ಅವ್ವ ಫ್ಯಾನು ನೋಡಿದಳು.

ಅಂದೇ ಅಪ್ಪನ ಮಂಚ ಮುಂದಿನ ಪಡಸಾಲೆಗೆ ಬಂತು. ಪೈಪು ಬದಲಾಯಿಸಿದೆವು. ಅಪ್ಪನನ್ನು ಎದುರುಮನೆಗೆ ಕಳಿಸಿ, ಮೂಗಿಗೆ ಮಾಸ್ಕು ಕಟ್ಟಿಕೊಂಡು ಗೋಡೆಯನ್ನು ಒದ್ದೆ ಮಾಡಿ ಪೇಂಟು ಕೆರೆದೆವು. ಗೋಡೆ ಆರಿದ ಮೇಲೆ ಸುಣ್ಣ ಹೊಡೆದೆವು. ಕಪಾಟು ಗೋಡೆಯಿಂದ ಒಂದು ಗೇಣು ಈಚೆ ನಿಂತಿತು. ಒಳಗೆ ನನ್ನ ಮದುವೆಗೆಂದು ಇಟ್ಟಿದ್ದ ಸೀರೆಗಳ ಮೇಲೆ ಕಪ್ಪು ಚುಕ್ಕೆ ಬಿದ್ದಿದ್ದವು. ಅವ್ವ ಅತ್ತಳು. ನಾನು ಅಳಲಿಲ್ಲ.

ಅಪ್ಪನ ಎದೆಯ ಸೀಟಿ ಕಡಿಮೆಯಾಗುತ್ತ ಬಂತು. ಅಮಾವಾಸ್ಯೆಯ ಹಿಂದಿನ ದಿನ ಮತ್ತೆ ಉದಗೀರು, ಮತ್ತೆ ನಳಿಕೆ.

"ಪಾಸ್?" ಎಂದರು ಅಪ್ಪ.

"ಜಸ್ಟ್ ಪಾಸ್," ಎಂದರು ಡಾಕ್ಟರು. ಕುರಿ ತಂದು ನೋಡೋಣ. ದೊಡ್ಡಿಯಲ್ಲಿ ಮಲಗುವಂತಿಲ್ಲ. ಕಂಬಳಿ ಬಿಸಿಲಿಗೆ ಹಾಕಿಯೇ ಒಳಗೆ ಬರಬೇಕು. ಇನ್ಹೇಲರ್ ಜೊತೆಗಿರಬೇಕು. ಕೆಮ್ಮು ಏರಿದರೆ ಬರಬೇಕು. ದೂರದ ನಡಿಗೆ ಸದ್ಯಕ್ಕೆ ಬೇಡ.

ದಾರಿಯಲ್ಲೇ ಮಾವನ ಫೋನು. "ನಾಳಿ ವ್ಯಾಪಾರಿ ಬರ್ಲಾಕ್ಹತ್ತ್ಯಾನ." ಅಪ್ಪ ಫೋನು ನೋಡಲಿಲ್ಲ. ನನ್ನನ್ನು ನೋಡಿದರು.

ಮರುದಿನ ಬೆಳಿಗ್ಗೆ ಮೊದಲ ಶೇರ್ ಆಟೋದಲ್ಲಿ ದಾಳಿಂಬಕ್ಕೆ ಹೋದೆ. ವ್ಯಾಪಾರಿ ಬರುವ ಮೊದಲೇ ಮಾವ ನನ್ನ ಕೈಗೆ ಕೋಲು ಕೊಟ್ಟು, ನನ್ನ ಚಪ್ಪಲಿ ನೋಡಿ ತಲೆಯಾಡಿಸಿದ. ತೊಗರಿ ಹೊಲಗಳ ಪಕ್ಕದ ರಸ್ತೆಯಲ್ಲಿ ಕುರಿಗಳ ಹಿಂದೆ ನಡೆದೆ. ಒಂದು ಮೋಟಾರ್‌ಸೈಕಲ್ ನಿಧಾನವಾಯಿತು. ಅದರ ಮೇಲೆ ನನ್ನ ಹನ್ನೆರಡನೇ ತರಗತಿಯ ಮೂವರು.

"ಗುಡ್ ಮಾರ್ನಿಂಗ್, ಮ್ಯಾಡಮ್."

"ಗುಡ್ ಮಾರ್ನಿಂಗ್," ಎಂದೆ. ಕುರಿಗಳನ್ನು ಎಡಕ್ಕೆ ಸರಿಸಿದೆ.

ಅಪ್ಪ ದೊಡ್ಡಿಯ ಬಾಗಿಲಲ್ಲಿ ಕಾಯುತ್ತಿದ್ದರು. ಹೆಗಲಿನ ಬೀರಪ್ಪನ ಭಂಡಾರದ ಚೀಲದಲ್ಲಿ ಇನ್ಹೇಲರ್ ಇತ್ತು, ಅರ್ಧಕ್ಕೆ ಭಂಡಾರದ ಅರಿಶಿನ ಮೆತ್ತಿತ್ತು. ನಾನು ಬಾಗಿಲು ಹಿಡಿದೆ. ಅವರು ಎಣಿಸತೊಡಗಿದರು. ಹನ್ನೊಂದು ದಾಟಿತು. ಹತ್ತೊಂಬತ್ತಕ್ಕೆ ಕೆಮ್ಮು ಬಂತು.

ಇಪ್ಪತ್ತನೆಯ ಕುರಿಯನ್ನು ಮೊಣಕಾಲಿನಿಂದ ತಡೆದು, ಕೆಮ್ಮು ನಿಲ್ಲುವವರೆಗೆ ನಿಂತೆ.