ನಾಲ್ಕನೇ ಹಂತದ ಹೆದರಿಕೆ

ವಿದೇಶದ ದೊಡ್ಡ ಪದಕ ನನಗೆ ಬಂದಿದೆ ಎಂದು ಊರೆಲ್ಲ ಸುದ್ದಿಯಾದ ಮೇಲೆ, ಶಹಾಪುರದ ಅಣ್ಣನ ಮನೆಯ ಅಡುಗೆಮನೆಯಲ್ಲಿ ಕೂತಿದ್ದಾಗ, ನನ್ನ ಪ್ರಬಂಧದಲ್ಲಿ ತಪ್ಪಿದೆ ಎಂದು ನನಗೇ ಗೊತ್ತಾಯಿತು.

ನಾನು ಗಣಿತದ ದಾರಿಯಿಂದ ಭೌತಶಾಸ್ತ್ರ ಮಾಡುವವಳು. ಪ್ರಯೋಗಶಾಲೆ ಇಲ್ಲ, ಕಾಗದ, ಪೆನ್ನು, ನನ್ನೊಂದಿಗೇ ನನ್ನ ಜಗಳ, ಇಷ್ಟೇ ಬಂಡವಾಳ. ಗಟ್ಟಿ ವಸ್ತುವಿನೊಳಗೆ ಶಾಖ ಹೇಗೆ ಹರಡುತ್ತದೆ ಎಂಬುದಕ್ಕೆ ಸಣ್ಣ ವಯಸ್ಸಿನಲ್ಲಿದ್ದಾಗ ಒಂದು ರುಜುವಾತು ಬರೆದಿದ್ದೆ. ಕೆಲಸ, ಹೊರದೇಶದ ಅಕಾಡೆಮಿಗಳ ಸದಸ್ಯತ್ವ, ಗೌರವ ಡಾಕ್ಟರೇಟು, ಈಗ ಈ ಪದಕ, ಎಲ್ಲವೂ ಅದೊಂದರ ಮೇಲೆಯೇ ನಿಂತಿದ್ದವು.

ಪದಕ ಕೊಡುವ ದಿನ ಉಪನ್ಯಾಸ ಮಾಡಬೇಕು. ಅದಕ್ಕಾಗಿ ಹಳೆಯ ಪ್ರಬಂಧವನ್ನು ಮೊದಲಿನಿಂದ ಓದುತ್ತ ನಾಲ್ಕನೇ ಹಂತಕ್ಕೆ ಬಂದೆ. ಅಲ್ಲಿ ‘ಇದು ಸ್ಪಷ್ಟ’ ಎಂದು ಬರೆದಿದ್ದೆ. ನಮ್ಮ ಕಸುಬಿನವರ ಚಾಳಿ ಇದು. ಬೇಸರ ಬಂದ ಕಡೆ ‘ಸ್ಪಷ್ಟ’ ಎಂದು ಬರೆದು ದಾಟಿಬಿಡುತ್ತೇವೆ, ಓದುವವನಿಗೂ ತನಗೆ ಸ್ಪಷ್ಟವಾಗಲಿಲ್ಲ ಎನ್ನಲು ನಾಚಿಕೆ. ಎರಡು ಲೆಕ್ಕಗಳಲ್ಲಿ ಯಾವುದನ್ನು ಮೊದಲು ಮಾಡಿದರೂ ಉತ್ತರ ಒಂದೇ ಎಂದು ನಾನು ಅಲ್ಲಿ ಹೇಳಿದ್ದೆ. ಎದುರಿಗೆ ವೈನಿ, ಅಣ್ಣನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದಳು. ಬಡಿದು ಸುಡುವುದೂ ಸುಟ್ಟು ಬಡಿಯುವುದೂ ಒಂದೇ ಎಂದರೆ ಅವಳು ನಗುತ್ತಿದ್ದಳು. ನಾನು ಬರೆದದ್ದು ಅದೇ, ಮತ್ತು ಜಗತ್ತು ಒಪ್ಪಿಕೊಂಡಿತ್ತು.

“ಯಾಕ್ರಿ, ಮುಖ ಹಿಂಗ್ಯಾಕ ಆಗ್ಯದ?” ಎಂದಳು ವೈನಿ. ಪಿತ್ತ ಆಗಿದೆ ಎಂದೆ.

ಮೂರು ದಿನ ಒದ್ದಾಡಿದೆ. ರುಜುವಾತಿನ ಆ ಸಂದು ಮುಚ್ಚಲಿಲ್ಲ. ಹೊರಗೆ ಹೋದರೆ ಕಿರಾಣಿ ಅಂಗಡಿಯವನು, “ನಿಮ್ಮ ಸುದ್ದಿ ಪೇಪರ್‌ನ್ಯಾಗ ಬಂದದ ನೋಡ್ರಿ,” ಎಂದ. ನಾನು ಗಾಬರಿಯಾಗಿ ಪೇಪರ್ ಕಿತ್ತುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಅಲ್ಲಿದ್ದದ್ದು ನನ್ನ ನಗುವ ಫೋಟೊ. ಈ ತಪ್ಪು ಗೊತ್ತಿರುವುದು ನನಗೊಬ್ಬಳಿಗೇ, ಸುಮ್ಮನಿದ್ದರೆ ಸಾಯುವ ತನಕ ಯಾರೂ ಕೇಳಲಿಕ್ಕಿಲ್ಲ, ಈ ಯೋಚನೆಯೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಯಾಕೆಂದರೆ ಅದು ನನಗೆ ಹಿಡಿಸಿತ್ತು.

ನಾಲ್ಕನೇ ದಿನ ಯಾದಗಿರಿಯಲ್ಲಿ ಸನ್ಮಾನ. ಶಾಲು ಹೊದಿಸಿದರು, ಪೇಟ ಸುತ್ತಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುಂದಿನ ಸಾಲಿನಲ್ಲಿ ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮಾಸ್ತರರು ಕೂತಿದ್ದರು. ಸುರಪುರದಿಂದ ಬಸ್ಸು ಹಿಡಿದು ಬಂದಿದ್ದರು. ಬಿಳಿ ಟೋಪಿ, ಮಡಿಲಲ್ಲಿ ಚೀಲ. ಇವರ ಮುಂದೆ ಆ ‘ಸ್ಪಷ್ಟ’ವನ್ನು ಹೊತ್ತುಕೊಂಡು ಕೂರುವುದು ನನ್ನಿಂದಾಗಲಿಲ್ಲ.

ಮೈಕ್ ಹಿಡಿದು, “ನಾನು ಈ ಗೌರವಕ್ಕ ಯೋಗ್ಯ ಅಲ್ರಿ. ನನ್ನ ಕೆಲಸದಾಗ ದೊಡ್ಡ ಕೊರತಿ ಅದ,” ಎಂದೆ.

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಶಾಲು ಹೊದ್ದವರೆಲ್ಲ ಹಾಗೇ ಹೇಳಬೇಕು, ಅದು ನಮ್ಮ ಕಡೆಯ ಪದ್ಧತಿ. ನಾನೂ ಎಷ್ಟು ಸಲ ಬಾಯಿಪಾಠದಂತೆ ಹೇಳಿದ್ದೇನೆ. ನಿರೂಪಕ, “ತುಂಬಿದ ಕೊಡ ತುಳುಕೋದಿಲ್ಲ ಅಂತಾರಲ್ಲ, ನೋಡ್ರಿ,” ಎಂದ. ನನಗೆ ಹಗುರವಾಯಿತು: ಹೇಳಿಯೂ ಆಯಿತು, ಮಾನ ಉಳಿದೂ ಆಯಿತು. ಕುರ್ಚಿಯತ್ತ ತಿರುಗಿದೆ.

“ಬೇಟಿ, ಕುಂಡ್ರಬ್ಯಾಡ,” ಎಂದರು ಮಾಸ್ತರರು ಕೂತಲ್ಲಿಂದಲೇ. “ಇವರಿಗಿ ತಿಳಿದಿಲ್ಲ. ತಿಳಿಯೋ ಹಂಗ ಹೇಳು.”

ನಾನು ನಿಜವನ್ನೇ ಹೇಳಿದ್ದೆಂದು ಅವರಿಗೆ ಹೇಗೆ ಗೊತ್ತಾಯಿತೋ. ಮತ್ತೆ ಮೈಕ್ ಹಿಡಿದೆ. “ನಾನು ಮರ್ಯಾದಿಗಿ ಹೇಳಾಕತ್ತಿಲ್ರಿ. ಪದಕ ತಂದ ರುಜುವಾತಿನಾಗ ನಾಲ್ಕನೇ ಹಂತ ತಪ್ಪು ಅದ. ಪರೀಕ್ಷೆ ಮಾಡಲಾರದ ಬರದೀನಿ. ಸರಿ ಮಾಡಾಕ ನೋಡಿದೆ, ಆಗಿಲ್ಲ.”

ಸ್ಮರಣಿಕೆ ಹಿಡಿದು ನಿಂತವರು ಅದನ್ನು ಕೊಡಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ನನ್ನ ಮುಖ ನೋಡಿದರು. ಹಿಂದಿನಿಂದ ಒಬ್ಬರು ಕೇಳಿದರು, “ಹಂಗಾದ್ರ ಪದಕ ಕೈತಪ್ಪಿ ಹೋಗ್ತದೇನ್ರಿ?”

“ಗೊತ್ತಿಲ್ರಿ. ಹೋಗಬಹುದು.”

ಮಾಸ್ತರರು ಎದ್ದು ನಿಂತರು. ಬಯ್ಯುತ್ತಾರೆ ಎಂದುಕೊಂಡೆ. ಈ ವಯಸ್ಸಿನಲ್ಲೂ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು.

“ಮೂರನೇ ಹಂತದ ತನಕ ಸರಿ ಅದ ಇಲ್ಲ?”

“ಸರಿ ಅದ್ರಿ ಸರ್. ನೂರು ಸಲ ನೋಡೀನಿ.”

ಅವರು ಸಭೆಯತ್ತ ತಿರುಗಿದರು. “ಉತ್ತರ ತಪ್ಪಿದ್ರೂ ಸರಿ ಇದ್ದಲ್ಲೀತನಕ ಮಾರ್ಕ್ಸ್ ಕೊಡಬೇಕು. ನಾ ಯಾವತ್ತೂ ಕೊಟ್ಟೀನಿ. ಅಲ್ಲೀತನಕ ಚಪ್ಪಾಳಿ ತಟ್ರಿ.”

ಜನ ತಟ್ಟಿದರು, ಮೊದಲಿನಷ್ಟು ಜೋರಾಗಿ ಅಲ್ಲ, ಅಳತೆ ಮಾಡಿ ತಟ್ಟಿದಂತೆ. ನಾನು ವೇದಿಕೆಯ ಕುರ್ಚಿಯಲ್ಲೇ ಕೂತು ಫೋನ್ ತೆಗೆದು ಪದಕದ ಸಮಿತಿಗೆ ಪತ್ರ ಬರೆಯತೊಡಗಿದೆ. ಮೊದಲ ಸಾಲು ಮೂರು ಸಲ ಅಳಿಸಿ ನಾಲ್ಕನೇ ಸಲ ಬರೆದೆ: ಮೂರನೇ ಹಂತದವರೆಗೆ ಸರಿ ಇದೆ, ಅಲ್ಲಿಂದ ಮುಂದೆ ನನಗೆ ಗೊತ್ತಿಲ್ಲ.